ಹಳೆಯ ಸ್ಕೆಚ್ಚೇ ಚೆನ್ನಾಗಿ ಕಂಡರೆ ನಾನು ಬೆಳೆದಿಲ್ಲ ಅಂತಲೇ?

ಪ್ರಶ್ನೆ: ಮೇಡಂ, ನಾನು ದಾವಣಗೆರೆಯಲ್ಲಿ ಬಿವಿಎ, ಅಂದರೆ ದೃಶ್ಯಕಲೆಯ ಪದವಿ ಓದಿದವಳು. 2020ರಲ್ಲಿ, ಲಾಕ್‌ಡೌನ್ ಗಲಾಟೆಯ ನಡುವೆ ಕೋರ್ಸ್ ಮುಗಿಯಿತು. ಈಗ ಊರಿನ ಹತ್ತಿರದ ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ನಮ್ಮ ಬ್ಯಾಚಿನ ಆರು ಜನ ಸೇರಿ ಗ್ರೂಪ್ ಶೋ ಮಾಡುತ್ತಿದ್ದೇವೆ. ಪ್ರತಿಯೊಬ್ಬರೂ ಕಾಲೇಜಿನ ದಿನಗಳ ಕೆಲಸ, ಈಗಿನ ಕೆಲಸ ಎರಡನ್ನೂ ಇಡಬೇಕು, ಜೊತೆಗೆ 'ನಾನು ಕಲಾವಿದೆಯಾಗಿ ಬೆಳೆದ ಬಗೆ' ಅಂತ ಒಂದು ಪುಟ ಬರೆಯಬೇಕು ಅಂತ ಮಾತಾಗಿದೆ. ಹಳೆಯ ಪೋರ್ಟ್‌ಫೋಲಿಯೋ ಬಿಚ್ಚಿ ನೋಡಿದೆ. ಸೆಕೆಂಡ್ ಇಯರ್‌ನಲ್ಲಿ ಮಾಡಿದ ಸ್ಕೆಚ್‌ಗಳು ಈಗಿನವಕ್ಕಿಂತ ಚೆನ್ನಾಗಿ ಕಾಣುತ್ತಿವೆ. ಮನೆಯವರೂ ಅದನ್ನೇ ಹೇಳಿದರು. ಈ ಐದು ವರ್ಷದಲ್ಲಿ ನಾನು ಬೆಳೆದಿದ್ದೀನಾ, ಇಳಿದಿದ್ದೀನಾ? ಅದನ್ನು ತಿಳಿಯುವುದು ಹೇಗೆ? ಆ ಪುಟದಲ್ಲಿ ಏನು ಬರೆಯಲಿ? ಐದು ಫೋಟೋ ಕಳಿಸಿದ್ದೇನೆ. ಮೂರು ಹಳೆಯವು, ಎರಡು ಹೊಸವು.

ಉತ್ತರ: ಮನೆಯವರ ಮಾತಿನಿಂದಲೇ ಶುರು ಮಾಡೋಣ. ಅವರು ಸುಳ್ಳು ಹೇಳಿಲ್ಲ. ಹಳೆಯ ಸ್ಕೆಚ್‌ಗಳಲ್ಲಿ ಶೇಡಿಂಗ್ ನುಣುಪಾಗಿದೆ, ಹಾಳೆ ಚೊಕ್ಕಟವಾಗಿದೆ, ಮುಖದಲ್ಲಿ ಹೋಲಿಕೆ ಬಂದಿದೆ. ಹೊಸದರಲ್ಲಿ ಗೆರೆ ತಡವರಿಸುತ್ತದೆ, ಒಂದರ ಮೇಲೊಂದು ಬಿದ್ದಿದೆ. ಕಾಗದವೂ ಖಾಕಿ ಬಣ್ಣದ ಪ್ಯಾಕಿಂಗ್ ಪೇಪರ್. ಚಿತ್ರಗಳ ಒಡನಾಟ ಇಲ್ಲದ ಯಾರೇ ನೋಡಿದರೂ ಹಳೆಯದಕ್ಕೇ ಜಾಸ್ತಿ ಮಾರ್ಕ್ಸ್ ಕೊಡುತ್ತಾರೆ. ಅವರು ಅಳೆದದ್ದು ಫಿನಿಶಿಂಗ್. ಅದನ್ನು ಅಳೆಯುವುದು ಎಲ್ಲರಿಗೂ ಸುಲಭ.

ನಿಮ್ಮ ಪ್ರಶ್ನೆಯನ್ನು ನಾನು ಸ್ವಲ್ಪ ತಿರುಗಿಸುತ್ತೇನೆ. 'ಬೆಳೆದಿದ್ದೀನಾ, ಇಳಿದಿದ್ದೀನಾ' ಅಂತ ಕೇಳಿಕೊಂಡು ಕೂತರೆ ಉತ್ತರ ಸಿಗುವುದಿಲ್ಲ, ಸುಮ್ನೆ ನಿದ್ದೆ ಕೆಡುತ್ತದೆ. ಅದರ ಬದಲು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಡಿ. ಹಳೆಯದರಲ್ಲಿ ಇದ್ದು ಹೊಸದರಲ್ಲಿ ಇಲ್ಲದ್ದು ಏನೇನು ಅಂತ ಹುಡುಕಿ. ಒಂದೊಂದು ಸಿಕ್ಕಾಗಲೂ ಕೇಳಿಕೊಳ್ಳಿ: ಇದನ್ನು ನಾನಾಗಿ ಬಿಟ್ಟೆನಾ, ಅಥವಾ ಕಳೆದುಕೊಂಡೆನಾ? ಐದು ವರ್ಷ ಕಳೆದ ಮೇಲೆ ಬಿಟ್ಟಿದ್ದೂ ಕಳೆದುಕೊಂಡಿದ್ದೂ ನೋಡೋಕೆ ಒಂದೇ ಥರ ಇರುತ್ತವೆ. ನಿಮಗೆ ಗೊಂದಲ ಆಗಿರುವುದು ಅಲ್ಲೇ.

ನೀವು ಕಳಿಸಿದ ಫೋಟೋಗಳನ್ನೇ ನೋಡೋಣ. ಮೊದಲನೆಯದು 2018ರದ್ದು. ಬಸ್ ಸ್ಟ್ಯಾಂಡಿನಲ್ಲಿ ಮೂಟೆಯ ಮೇಲೆ ಕೂತ ಅಜ್ಜ. ರುಮಾಲಿನ ಒಂದೊಂದು ಮಡಿಕೆಯನ್ನೂ 4ಬಿ, 6ಬಿ ಅನ್ನುವ ಮೆತ್ತನೆಯ ಪೆನ್ಸಿಲ್‌ನಲ್ಲಿ ತೀಡಿ, ಸ್ಟಂಪ್ ಅನ್ನುವ ಕಾಗದದ ಸುರುಳಿಯಿಂದ ಉಜ್ಜಿ ಮೆತ್ತಗೆ ಮಾಡಿದ್ದೀರಿ. ಕಣ್ಣಿನ ಹೊಳಪು ಸರಿಯಾದ ಜಾಗದಲ್ಲಿ ಬಿದ್ದಿದೆ. ಕೆನ್ನೆಯ ಕುಳಿಯೂ ಸರಿ, ಮೀಸೆಯೂ ಸರಿ. ಈಗ ಕೈ ಎಲ್ಲಿದೆ ಹುಡುಕಿ. ಬಲಗೈ ಶಾಲಿನೊಳಗೆ. ಎಡಗೈ ಮೂಟೆಯ ಹಿಂದೆ. ಪಾದ ಹುಡುಕಿದರೆ, ಕಣಕಾಲಿನ ಹತ್ತಿರವೇ ಹಾಳೆ ಮುಗಿದಿದೆ. ಎರಡನೇ ಫೋಟೋದಲ್ಲಿ ಹೂ ಮಾರುವ ಹೆಂಗಸಿನ ಎರಡೂ ಕೈ ಬುಟ್ಟಿಯೊಳಗೆ. ಮೂರನೆಯದರಲ್ಲಿ ಬರೀ ಮುಖ.

ಆ ಅಜ್ಜ ನಿಜಕ್ಕೂ ಕೈಯನ್ನು ಶಾಲಿನೊಳಗೆ ಇಟ್ಟುಕೊಂಡೇ ಕೂತಿದ್ದಿರಬಹುದು. ಆದರೆ ಮೂರಕ್ಕೆ ಮೂರರಲ್ಲೂ ಕೈ ಮಾಯವಾಗಿದೆ ಅಂದರೆ ಅದು ನಿಮ್ಮ ಕೆಲಸವೇ. ಕೈ ಬರೆಯುವುದು ಕಷ್ಟ. ಸೆಕೆಂಡ್ ಇಯರ್ ಹುಡುಗರೆಲ್ಲ ಕೈಯನ್ನು ಬಚ್ಚಿಡುತ್ತಾರೆ. ಜೇಬಿನಲ್ಲಿ, ಸೆರಗಿನಲ್ಲಿ, ಬೆನ್ನ ಹಿಂದೆ. ನನ್ನ ಕ್ಲಾಸಿನಲ್ಲಿ ಎಷ್ಟೊಂದು ಜನ ಹೀಗೇ ಮಾಡಿದ್ದಾರೆ. ಇನ್ನೊಂದು ವಿಷಯ. ಮೂಟೆಗೆ ನೆರಳಿಲ್ಲ, ಕೆಳಗೆ ನೆಲವಿಲ್ಲ. ಇಷ್ಟು ಚೆಂದದ ರುಮಾಲು ಸುತ್ತಿಕೊಂಡು ಅಜ್ಜ ಗಾಳಿಯಲ್ಲಿ ಕೂತಿದ್ದಾರೆ.

ಈಗ ಹೊಸದಕ್ಕೆ ಬನ್ನಿ. ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ ಮುಂದೆ ನಿಮ್ಮ ಅಮ್ಮ. ಕಪ್ಪು ಬಾಲ್‌ಪೆನ್. ಮುಖ ಅರ್ಧ ಮಾತ್ರ ಇದೆ, ಉಳಿದದ್ದು ಮೇಲಿನ ಅಂಚಿನಾಚೆ ಹೋಗಿದೆ. ಹಾಳೆಯ ನಟ್ಟನಡುವೆ ಎರಡು ಕೈ. ಎಡಗೈ ಬಟ್ಟೆಯನ್ನು ಹರಡಿ ಹಿಡಿದಿದೆ. ಬಲಗೈಯ ತೋರುಬೆರಳು ಬಟ್ಟೆಯನ್ನು ಸೂಜಿಯ ಕಡೆಗೆ ನೂಕುತ್ತಿದೆ. ಆ ಬೆರಳಿನ ತುದಿಯಲ್ಲಿ ನೀವು ಒಂದು ಗೆರೆಯನ್ನೂ ಎಳೆದಿಲ್ಲ, ಕಾಗದವನ್ನು ಹಾಗೇ ಬಿಟ್ಟಿದ್ದೀರಿ. ಒತ್ತಿ ಹಿಡಿದ ಬೆರಳು ಬಿಳಿಚಿಕೊಳ್ಳುತ್ತದಲ್ಲ, ಅದು ಅಲ್ಲಿ ಕಾಣುತ್ತಿದೆ. ಹೊಲಿದ ಬಟ್ಟೆ ಮೆಷಿನ್ ಹಿಂದಕ್ಕೆ ಜಾರಿ ಬೀಳುವಾಗಿನ ಭಾರ ನಾಲ್ಕೇ ಗೆರೆಯಲ್ಲಿ ಬಂದಿದೆ. 2018ರ ಹುಡುಗಿಯ ಕೈಯಲ್ಲಿ ಇದು ಆಗುತ್ತಿರಲಿಲ್ಲ. ಅವಳು ಆ ಬೆರಳನ್ನು ಬಟ್ಟೆಯಡಿ ಮುಚ್ಚಿಬಿಡುತ್ತಿದ್ದಳು. ನೀವು ಎಲ್ಲಿ ಬೆಳೆದಿದ್ದೀರಿ ಅಂತ ಯಾರಾದರೂ ನನ್ನನ್ನು ಕೇಳಿದರೆ ಆ ಬೆರಳನ್ನು ತೋರಿಸುತ್ತೇನೆ.

ಹಾಗಂತ ಹೊಸದೆಲ್ಲ ಸರಿ ಅಂತ ಹೇಳಲಾರೆ. ಅದೇ ಚಿತ್ರದಲ್ಲಿ ಮೆಷಿನ್ನಿನ ಚಕ್ರ ನೋಡಿ. ಓರೆಯಿಂದ ನೋಡಿದ ಚಕ್ರ ಅಂಡಾಕಾರವಾಗಿ ಕಾಣುತ್ತದೆ. ಆ ಅಂಡಾಕಾರದ ಉದ್ದನೆಯ ನಡುಗೆರೆ ಚಕ್ರದ ಅಚ್ಚಿಗೆ ಅಡ್ಡಲಾಗಿ, ನೆಟ್ಟಗೆ ಕೂರಬೇಕು. ಬಕೆಟ್, ಲೋಟ, ಗಾಡಿ ಚಕ್ರ ಬರೆಸಿ ಫಸ್ಟ್ ಇಯರ್‌ನಲ್ಲೇ ಕಲಿಸುವ ಪಾಠ ಇದು. ನಿಮ್ಮ ಚಿತ್ರದಲ್ಲಿ ಅಚ್ಚು ಒಂದು ಕಡೆ ಹೋಗಿದೆ, ಚಕ್ರ ಇನ್ನೊಂದು ಕಡೆ ವಾಲಿದೆ. ಇದನ್ನು ಶೈಲಿ ಅಂತ ಕರೆಯೋಕೆ ಹೋಗಬೇಡಿ. ಅಭ್ಯಾಸ ತಪ್ಪಿ ಕೈ ಮರೆತದ್ದು, ಅಷ್ಟೇ. ಶೇಡಿಂಗ್ ನೀವು ಬಿಟ್ಟಿದ್ದು. ಚಕ್ರ ನೀವು ಕಳೆದುಕೊಂಡಿದ್ದು.

ಶೇಡಿಂಗ್ ಬಿಟ್ಟಿದ್ದೇ ಹೊರತು ಕಳೆದುಕೊಂಡಿದ್ದಲ್ಲ ಅಂತ ನನಗೆ ಹೇಗೆ ಗೊತ್ತು? ನಿಜ ಹೇಳಬೇಕೆಂದರೆ ನನ್ನದು ಊಹೆ. ಅದನ್ನು ಪರೀಕ್ಷೆ ಮಾಡಬೇಕಾದವರು ನೀವು, ಮತ್ತು ಅದು ಕಷ್ಟವೇನಲ್ಲ. ಒಂದು ಭಾನುವಾರ ಅದೇ ಅಳತೆಯ ಕಾರ್ಟ್ರಿಡ್ಜ್ ಹಾಳೆ, ಅದೇ 4ಬಿ, 6ಬಿ ತೆಗೆದುಕೊಂಡು ಸಂತೆಗೋ ಬಸ್ ಸ್ಟ್ಯಾಂಡಿಗೋ ಹೋಗಿ. 2018ರ ಥರದ್ದೇ ಒಂದು ಸ್ಕೆಚ್ ಮಾಡಿ. ಮೊದಲ ಹಾಳೆ ಕೆಡುತ್ತದೆ, ಕೆಡಲಿ. ಎರಡನೆಯದರಲ್ಲೋ ಮೂರನೆಯದರಲ್ಲೋ ಹಳೆಯ ನುಣುಪು ವಾಪಸ್ ಬಂದು, ಅರ್ಧಕ್ಕೆ ಬರುವಷ್ಟರಲ್ಲಿ ನಿಮಗೇ ಬೇಜಾರಾದರೆ, ಅದನ್ನು ನೀವು ಬಿಟ್ಟಿದ್ದೀರಿ. ನಾಲ್ಕೈದು ವಾರ ಪ್ರಯತ್ನಪಟ್ಟರೂ ಬರದಿದ್ದರೆ ಕಳೆದುಕೊಂಡಿದ್ದೀರಿ. ಆಗಲೂ ಎದೆಗುಂದಬೇಕಿಲ್ಲ. ಒಮ್ಮೆ ಕಲಿತ ಕೈಗೆ ಎರಡನೇ ಸಲ ಕಲಿಯೋಕೆ ಕಡಿಮೆ ಸಮಯ ಸಾಕು.

ಈ 'ಬಿಡುವ' ವಿಷಯದಲ್ಲಿ ಒಂದು ಹಳೆಯ ಉದಾಹರಣೆ ಕೊಡುತ್ತೇನೆ. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಪ್ಯಾರಿಸ್ಸಿನಲ್ಲಿ ಕಲಿತವರು. ಇಬ್ಬರು ಹುಡುಗಿಯರು ಎದುರುಬದುರು ಕೂತಿರುವ ಅವರ 'ಯಂಗ್ ಗರ್ಲ್ಸ್' ಚಿತ್ರ 1932ರದ್ದು. ಮರುವರ್ಷ ಪ್ಯಾರಿಸ್ ಸಲೋನ್ ಅನ್ನುವ ದೊಡ್ಡ ಕಲಾ ಪ್ರದರ್ಶನದಲ್ಲಿ ಅದಕ್ಕೆ ಚಿನ್ನದ ಪದಕ ಬಂತು. ಆಗ ಅವರಿಗೆ ಇಪ್ಪತ್ತು ವರ್ಷ. ಮೈಯ ಮೇಲೆ ಬೆಳಕು ಹೇಗೆ ಬೀಳುತ್ತದೆ, ಬಟ್ಟೆ ಹೇಗೆ ಮಡಿಚಿಕೊಳ್ಳುತ್ತದೆ, ಎಲ್ಲ ಅಕಾಡೆಮಿಯ ಲೆಕ್ಕದಲ್ಲಿ ಪಕ್ಕಾ. 1934ರ ಕೊನೆಗೆ ಭಾರತಕ್ಕೆ ಬಂದರು. 1936ರ ಕೊನೆಯಿಂದ 1937ರವರೆಗೆ ಅಜಂತಾ, ಎಲ್ಲೋರಾ ನೋಡಿಕೊಂಡು ಕೊಚ್ಚಿ, ಕನ್ಯಾಕುಮಾರಿಯವರೆಗೆ ತಿರುಗಿದರು. ಆಮೇಲೆ ಬಂದದ್ದು 'ಬ್ರೈಡ್ಸ್ ಟಾಯ್ಲೆಟ್', 'ಬ್ರಹ್ಮಚಾರೀಸ್', 'ಸೌತ್ ಇಂಡಿಯನ್ ವಿಲೇಜರ್ಸ್ ಗೋಯಿಂಗ್ ಟು ಮಾರ್ಕೆಟ್'. ಮೂರೂ 1937ರವು. ಇವನ್ನು 'ಯಂಗ್ ಗರ್ಲ್ಸ್' ಪಕ್ಕ ಇಟ್ಟು ನಿಮ್ಮ ಮನೆಯವರಿಗೆ ತೋರಿಸಿ. ಹಳೆಯದೇ ಚೆನ್ನಾಗಿದೆ ಅಂತ ಅವರು ಹೇಳಿದರೆ ನನಗೆ ಆಶ್ಚರ್ಯ ಆಗುವುದಿಲ್ಲ. ಹೊಸದರಲ್ಲಿ ಮೈ ಚಪ್ಪಟೆ, ಮಡಿಕೆ ಕಡಿಮೆ, ಬಣ್ಣ ದೊಡ್ಡ ದೊಡ್ಡ ತುಂಡುಗಳಾಗಿ ನಿಂತಿದೆ. ಪ್ಯಾರಿಸ್ಸಿನ ನುಣುಪು ಅವರಿಗೆ ಮರೆತುಹೋಗಿರಲಿಲ್ಲ. ಅಜಂತಾದ ಗೋಡೆಯ ಚಿತ್ರಗಳ ಮುಂದೆ ನಿಂತ ಮೇಲೆ ಅದು ಅವರಿಗೆ ಬೇಡವಾಯಿತು. 1941ರಲ್ಲಿ, 28ನೇ ವಯಸ್ಸಿನಲ್ಲಿ ತೀರಿಕೊಂಡರು. ಇಷ್ಟೆಲ್ಲ ಆದದ್ದು ಹತ್ತು ವರ್ಷದೊಳಗೆ.

ನಮ್ಮವರನ್ನೇ ತೆಗೆದುಕೊಳ್ಳಿ. ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಆರ್.ಎಂ. ಹಡಪದರ ಹತ್ತಿರ ಕಲಿತವರು. ಆಮೇಲೆ ಬರೋಡಾ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್. ಎಲ್ಲ ಕಡೆಯೂ ಪೇಂಟಿಂಗ್. 1990ರ ದಶಕದ ಮೊದಲ ವರ್ಷಗಳಲ್ಲಿ, ದೇಶದಲ್ಲಿ ಕೋಮು ಗಲಭೆ ಹೊತ್ತಿ ಉರಿದ ಕಾಲದಲ್ಲಿ, ಅವರು ಕ್ಯಾನ್ವಾಸ್ ಬದಿಗಿಟ್ಟು ಸೆಗಣಿಯಲ್ಲಿ ಕೆಲಸ ಮಾಡೋಕೆ ಶುರು ಮಾಡಿದರು. ಅಲ್ಲಿಂದ ಮುಂದೆ ಸೂಜಿ, ದಾರ, ಕುಂಕುಮ. ಒಂದೊಂದು ಸೂಜಿಗೂ ಉದ್ದುದ್ದ ದಾರ ಪೋಣಿಸಿ, ಎಲ್ಲವನ್ನೂ ಸೇರಿಸಿ ಅಂಟು ಮತ್ತು ಕುಂಕುಮ ಬಳಿದು ಮಾಡಿದ ಕೆಂಪು ಹಗ್ಗಗಳ ಆ ಕೃತಿಯ ಫೋಟೋ ನೀವು ನೋಡಿರುತ್ತೀರಿ. ಅಷ್ಟು ವರ್ಷ ಕಲಿತ ಪೇಂಟಿಂಗ್ ದಂಡವಾಯಿತು ಅಂತ ಆಗ ಯಾರಾದರೂ ಹೇಳಿರಲೂಬಹುದು. ಆದರೆ ಯಾವ ಕೆಂಪು ಎಷ್ಟು ಬೇಕು, ಗೋಡೆಯ ಮೇಲೆ ಗೆರೆ ಎಲ್ಲಿ ಬಾಗಬೇಕು ಅನ್ನುವುದನ್ನು ನೋಡಿದರೆ ಅಲ್ಲಿ ಪೇಂಟರ್ ಕಣ್ಣೇ ಕೆಲಸ ಮಾಡಿದ್ದು ಕಾಣುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು, ಯಾಕಂದರೆ ಇದನ್ನು ಓದುವವರಲ್ಲಿ ಕಾಲೇಜು ಹುಡುಗರೂ ಇರುತ್ತಾರೆ. 'ನಾನು ರಿಯಲಿಸಂ ಬಿಟ್ಟೆ' ಅಂತ ಸೆಕೆಂಡ್ ಇಯರ್‌ನಲ್ಲೇ ಹೇಳುವವರನ್ನು ತುಂಬ ನೋಡಿದ್ದೇನೆ. ಇಲ್ಲದ್ದನ್ನು ಬಿಡೋಕಾಗಲ್ಲ ಮಾರಾಯರೇ. ಎದುರಿಗಿರುವ ಮನುಷ್ಯನನ್ನು ನೋಡಿ ಬರೆಯುವ ಲೈಫ್ ಸ್ಟಡಿಯಲ್ಲಿ, ನಿಂತವನ ಭಾರ ಯಾವ ಕಾಲ ಮೇಲಿದೆ ಅಂತ ತೋರಿಸಲು ಬಂದ ಮೇಲೆ ಬಿಡಿ, ಯಾರೂ ಬೇಡ ಅನ್ನಲ್ಲ. ನಿಮ್ಮ ಮಟ್ಟಿಗೆ ಈ ಮಾತು ಬೇಕಿಲ್ಲ. ನಿಮ್ಮ ಅಜ್ಜನ ರುಮಾಲೇ ಸಾಕ್ಷಿ.

ಬಿಟ್ಟದ್ದರ ಕಡೆಗೆ ಮತ್ತೆ ತಿರುಗಿ ನೋಡಬಾರದು ಅಂತೇನೂ ಇಲ್ಲ. ಡಚ್ ಚಿತ್ರಕಾರ ವ್ಯಾನ್ ಗೋ ಕಲಾವಿದನಾಗಬೇಕು ಅಂತ ಗಟ್ಟಿ ಮಾಡಿಕೊಂಡದ್ದು 1880ರಲ್ಲಿ, 27ನೇ ವಯಸ್ಸಿನಲ್ಲಿ. ಅಂದರೆ ಹೆಚ್ಚುಕಡಿಮೆ ನಿಮ್ಮ ಈಗಿನ ವಯಸ್ಸು. 1885ರಲ್ಲಿ ನ್ಯೂನೆನ್ ಅನ್ನುವ ಹಳ್ಳಿಯಲ್ಲಿ ರೈತರ ಮುಖಗಳ ಸ್ಟಡಿಗಳನ್ನು ರಾಶಿ ರಾಶಿ ಮಾಡಿ, ಆಮೇಲೆ 'ಪೊಟ್ಯಾಟೋ ಈಟರ್ಸ್' ಬರೆದ. ಕಂದು, ಮಣ್ಣು, ಮಸಿ ಬಣ್ಣ. ಅದರ ಲಿಥೋಗ್ರಾಫ್ (ಕಲ್ಲಚ್ಚಿನ ಪ್ರತಿ) ನೋಡಿ ಗೆಳೆಯ ರಾಪಾರ್ಡ್ ಕಟುವಾಗಿ ಟೀಕಿಸಿದ, ಸ್ನೇಹವೇ ಹಳಸಿತು. 1886ರಲ್ಲಿ ಪ್ಯಾರಿಸ್ಸಿಗೆ ಹೋದ ಮೇಲೆ ಅವನ ಬಣ್ಣವೆಲ್ಲ ಬದಲಾಯಿತು. ಆದರೂ 1887ರಲ್ಲಿ ತಂಗಿಗೆ ಬರೆದ ಪತ್ರದಲ್ಲಿ, ತಾನು ಮಾಡಿದ್ದರಲ್ಲಿ ಆಲೂಗಡ್ಡೆ ತಿನ್ನುವವರ ಆ ಚಿತ್ರವೇ ಒಳ್ಳೆಯದು ಅಂದುಕೊಂಡಿದ್ದೇನೆ ಅಂತ ಬರೆದಿದ್ದಾನೆ. 1890ರಲ್ಲಿ, ಸಾಯುವ ವರ್ಷ, ಅದೇ ಚಿತ್ರವನ್ನು ಹೊಸದಾಗಿ ಮಾಡುವ ಯೋಚನೆಯೂ ಅವನಿಗೆ ಬಂದಿತ್ತು. ಸೂರ್ಯಕಾಂತಿ ಬರೆದಾದ ಮೇಲೆ! ಅವನು ಹೀಗೆ ತಿರುಗಿ ನೋಡಿದ್ದು ನಮಗೆ ಗೊತ್ತಾಗಿರುವುದು ಪತ್ರಗಳಿಂದ. ಒಂದು ಚಿತ್ರ ಮುಗಿದ ವಾರದಲ್ಲೇ ಅದರ ಬಗ್ಗೆ ತಮ್ಮ ಥಿಯೋಗೆ ಬರೆಯುವ ಅಭ್ಯಾಸ ಇತ್ತಲ್ಲ, ಅದರಿಂದ ಯಾವ ದಿನ ಏನು ಯೋಚಿಸುತ್ತಿದ್ದ ಅನ್ನುವುದು ಉಳಿಯಿತು.

ನಿಮ್ಮ ಹತ್ತಿರ ಅಂಥ ದಾಖಲೆ ಏನಿದೆ? ಫೋಟೋದಲ್ಲಿ ಹಾಳೆಗಳ ಹಿಂಬದಿ ಕಾಣುವುದಿಲ್ಲ. ಅಜ್ಜನ ಸ್ಕೆಚ್ ಮೇಲೆ ತಾರೀಖು ಇದೆ, ಅದು ಬಹುಶಃ ಕಾಲೇಜಿನಲ್ಲಿ ಸಬ್ಮಿಷನ್‌ಗೆ ಹಾಕಿದ್ದು. ಹೊಸದರ ಮೇಲೆ ಸಹಿಯೂ ಇಲ್ಲ, ತಾರೀಖೂ ಇಲ್ಲ. ಇವತ್ತೇ ಕೂತು ಎಲ್ಲದರ ಹಿಂದೆ ಮೆತ್ತನೆಯ ಪೆನ್ಸಿಲ್‌ನಲ್ಲಿ ತಿಂಗಳು, ವರ್ಷ, ಜಾಗ ಬರೆಯಿರಿ. ಸರಿಯಾಗಿ ನೆನಪಿಲ್ಲದಿದ್ದರೆ ವರ್ಷ ಮಾತ್ರ ಸಾಕು. ಕ್ರಮ ಗೊತ್ತಿಲ್ಲದೆ ಬೆಳವಣಿಗೆಯ ಮಾತು ಬರೀ ಕಥೆ ಆಗುತ್ತದೆ.

ಕಾಗದದ ಬಗ್ಗೆಯೂ ಎರಡು ಮಾತು, ನಮ್ಮ ಕಲಾಶಾಲೆಗಳಲ್ಲಿ ಇದನ್ನು ಸರಿಯಾಗಿ ಹೇಳಿಕೊಡುವುದಿಲ್ಲ. ಕ್ವಿಕ್ ಸ್ಕೆಚ್‌ಗೆ ಬಳಸುವ ನ್ಯೂಸ್‌ಪ್ರಿಂಟ್ ಕೆಲವೇ ವರ್ಷದಲ್ಲಿ ಹಳದಿಯಾಗಿ, ಮುಟ್ಟಿದರೆ ಮುರಿಯುವಂತಾಗುತ್ತದೆ. ಹಿಂದೆ ಆನಿಸಿದ ಅಗ್ಗದ ರಟ್ಟು ಒಳ್ಳೆಯ ಹಾಳೆಗೂ ಕಂದು ಕಲೆ ಹತ್ತಿಸುತ್ತದೆ. ಸೆಲೋಟೇಪ್ ಹಚ್ಚಬೇಡಿ, ಅಂಟು ಹಳದಿಯಾಗಿ ಒಳಗಿಳಿದರೆ ತೆಗೆಯುವುದು ಬಲು ಕಷ್ಟ. ಮಳೆಗಾಲದಲ್ಲಿ ಪೋರ್ಟ್‌ಫೋಲಿಯೋವನ್ನು ಗೋಡೆಗೆ ಒರಗಿಸಿ ಇಟ್ಟರೆ ಬೂಷ್ಟು ಬರುತ್ತದೆ. ಹಾಳೆಗಳ ನಡುವೆ ಬಟರ್ ಪೇಪರ್ ಇಟ್ಟು, ಮಂಚದ ಕೆಳಗೆ ಅಲ್ಲ, ಗಾಳಿಯಾಡುವ ಕಪಾಟಿನಲ್ಲಿ ಮಲಗಿಸಿ ಇಡಿ. ಇನ್ನು ನಿಮ್ಮ ಬಾಲ್‌ಪೆನ್. ಆ ಇಂಕು ಬೆಳಕಿಗೆ ಮಾಸುತ್ತದೆ. ಖಾಕಿ ಕಾಗದವೂ ವರ್ಷ ಕಳೆದಂತೆ ಪೆಡಸಾಗುತ್ತದೆ. ಅಮ್ಮ ಬಟ್ಟೆ ಕತ್ತರಿಸುವಾಗ ಅಳತೆಗೆ ಬಳಸುವ ಆ ಖಾಕಿ ಕಾಗದದ ಮೇಲೇ ಬರೆಯಬೇಕು ಅನ್ನುವ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ, ಅದನ್ನು ಬದಲಾಯಿಸಬೇಡಿ. ಪೆನ್ ಮಾತ್ರ ಸುಲಭಕ್ಕೆ ಮಾಸದ ಪಿಗ್ಮೆಂಟ್ ಇಂಕಿನದ್ದು ಮಾಡಿಕೊಳ್ಳಿ. ಈಗಾಗಲೇ ಆಗಿರುವುದಕ್ಕೆ ಹಗಲು ಬೆಳಕಿನಲ್ಲಿ, ನೆರಳಿನಲ್ಲಿ ಇಟ್ಟು ನೇರ ಮೇಲಿನಿಂದ ಫೋಟೋ ತೆಗೆದು ಇಡಿ.

ಇನ್‌ಸ್ಟಾಗ್ರಾಂನಲ್ಲಿ ಈಗ ಒಂದು ಆಟ ಇದೆ. ಹತ್ತು ವರ್ಷದ ಹಿಂದೆ ಬರೆದ ಚಿತ್ರವನ್ನೇ ಈಗ ಮತ್ತೆ ಬರೆದು, ಎರಡನ್ನೂ ಪಕ್ಕಪಕ್ಕ ಹಾಕುವುದು. ಎಡಗಡೆ ಸೊಟ್ಟ ಕಣ್ಣಿನ ಹುಡುಗಿ, ಬಲಗಡೆ ಸಿನಿಮಾ ಪೋಸ್ಟರ್ ಥರದ ಹುಡುಗಿ. ಲೈಕ್ ಸುರಿಯುತ್ತವೆ. ಮಾಡಬಾರದು ಅಂತ ಹೇಳಲ್ಲ, ಖುಷಿ ಕೊಡುತ್ತದೆ, ಮಕ್ಕಳಿಗೆ ಹುಮ್ಮಸ್ಸು ಬರುತ್ತದೆ. ಆದರೆ ಅದೇ ವಿಷಯ, ಅದೇ ಭಂಗಿ, ಅದೇ ಚೌಕಟ್ಟು ಇಟ್ಟುಕೊಂಡು ಹೋಲಿಸಿದರೆ ಬದಲಾಗಿದ್ದು ಕಾಣುವುದು ಫಿನಿಶಿಂಗ್ ಒಂದೇ. ನೀವು ಬಸ್ ಸ್ಟ್ಯಾಂಡ್ ಬಿಟ್ಟು ಅಮ್ಮನ ಮೆಷಿನ್ ಹತ್ತಿರ ಯಾಕೆ ಬಂದಿರಿ ಅನ್ನುವುದು ಅಲ್ಲಿ ಎಲ್ಲೂ ಕಾಣುವುದಿಲ್ಲ. ನನ್ನ ಕಣ್ಣಿಗೆ ಐದು ವರ್ಷದ ದೊಡ್ಡ ಸುದ್ದಿ ಅದೇ. 2018ರಲ್ಲಿ ನೀವು ಗೊತ್ತಿಲ್ಲದವರ ಮುಖ ಬರೆಯುತ್ತಿದ್ದಿರಿ. ಈಗ ಗೊತ್ತಿರುವವರ ಕೆಲಸ ಬರೆಯುತ್ತಿದ್ದೀರಿ.

ಮಾರಾಟದ್ದೂ ಇದೇ ಕಥೆ. ಬೆಂಗಳೂರಿನ ಚಿತ್ರಸಂತೆಗೆ ಕುಮಾರಕೃಪಾ ರಸ್ತೆಯಲ್ಲಿ ಸ್ಟಾಲ್ ಹಾಕಿದವರಿಗೆ ಗೊತ್ತು, ಬುದ್ಧ, ಗಣಪತಿ, ಓಡುವ ಕುದುರೆ ಮಧ್ಯಾಹ್ನದೊಳಗೆ ಹೋಗುತ್ತವೆ. ಹೋಗಲಿ, ಬಾಡಿಗೆ ಕಟ್ಟಬೇಕಲ್ಲ. ಆ ಕಟ್ಟು ಬೇರೆ ಇಡಿ, ನಿಮ್ಮ ಬೆಳವಣಿಗೆಯ ಲೆಕ್ಕಕ್ಕೆ ಅದನ್ನು ತರಬೇಡಿ.

ಶಾಲೆಯ ಕೆಲಸದ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ಆದರೆ ಅದರ ಹಿಂದಿನ ಸುಸ್ತು ನನಗೆ ಗೊತ್ತಾಯಿತು. ದಿನಕ್ಕೆ ಆರು ಪೀರಿಯಡ್, ಆಮೇಲೆ ಸ್ಕೂಲ್ ಡೇ ಬ್ಯಾನರು, ಗೋಡೆ ಬರಹ, ರಂಗೋಲಿ ಸ್ಪರ್ಧೆ. ಮನೆಗೆ ಬಂದ ಮೇಲೆ ಬ್ರಷ್ ಹಿಡಿಯುವ ಮನಸ್ಸೇ ಬರುವುದಿಲ್ಲ. ಎಷ್ಟೋ ಹುಡುಗ ಹುಡುಗಿಯರು ಈ ವರ್ಷಗಳನ್ನು 'ಗ್ಯಾಪ್' ಅಂತ ಮುಚ್ಚಿಡುತ್ತಾರೆ, ಬಯೋಡೇಟಾದಲ್ಲಿ ವರ್ಷಗಳನ್ನು ಹಿಂದೆಮುಂದೆ ಮಾಡುತ್ತಾರೆ. ನಾನು ಆಯ್ಕೆ ಸಮಿತಿಗಳಲ್ಲಿ ಕೂತಾಗ ಅಂಥ ಅರ್ಜಿ ತಕ್ಷಣ ಗೊತ್ತಾಗುತ್ತದೆ, ಬೇಸರವೂ ಆಗುತ್ತದೆ. ಬಾಲ್‌ಪೆನ್ ಯಾಕೆ ಹಿಡಿದಿರಿ ಅಂತ ನೀವು ಹೇಳಿಲ್ಲ. ಸ್ಟಾಫ್ ರೂಮಿನಲ್ಲಿ, ಅಡುಗೆಮನೆ ಕಟ್ಟೆಯ ಮೇಲೆ, ಎಲ್ಲೆಂದರಲ್ಲಿ ಸಿಗುವುದು ಅದೇ ಅಂತ ನನ್ನ ಅಂದಾಜು. ಶಾರ್ಪನರ್ ಬೇಡ, ನೀರು ಬೇಡ, ಹರಡಿಕೊಳ್ಳೋಕೆ ಜಾಗ ಬೇಡ. ರಬ್ಬರಿನಲ್ಲಿ ಅಳಿಸೋಕೂ ಆಗಲ್ಲ. ಅಳಿಸೋಕೆ ಆಗದ ಕಾರಣಕ್ಕೇ ನಿಮ್ಮ ಗೆರೆಗಳು ಒಂದರ ಮೇಲೊಂದು ಬಿದ್ದಿವೆ, ಮತ್ತು ಅದರಲ್ಲೇ ಹುಡುಕಾಟ ಕಾಣುತ್ತಿದೆ. ಹಾಗಿದ್ದರೆ ಆ ಕೆಲಸದ ವರ್ಷಗಳೇ ನಿಮ್ಮ ಗೆರೆಯನ್ನು ಮಾಡಿವೆ. ಮುಚ್ಚಿಡುವಂಥದ್ದು ಏನಿದೆ?

ಚಿತ್ರ ಬಿಟ್ಟು ಬೇರೆ ಏನಾದರೂ ಕಲಿಯುತ್ತಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ಮುಂಬೈನ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಪಾಠವನ್ನೂ ಮಾಡಿದವರು. ಲಯ ಅಂದರೆ ಏನು ಅಂತ ಮೈಯಲ್ಲೇ ತಿಳಿಯಬೇಕು ಅಂತ ಕಥಕ್ ಕಲಿತರು. ಅವರ ರೇಖಾಚಿತ್ರಗಳಲ್ಲಿ ಕುಣಿಯುವವರನ್ನು ನೋಡಿ, ಒಂದೇ ಉಸಿರಿನಲ್ಲಿ ಹೆಬ್ಬೆರಳಿನಿಂದ ಹೆಗಲವರೆಗೆ ಹೋಗುವ ಗೆರೆ ಪೆನ್ಸಿಲ್ ಅಭ್ಯಾಸದಿಂದ ಮಾತ್ರ ಬರುವಂಥದ್ದಲ್ಲ. ನಿಮಗೆ ಹೊಲಿಗೆ ಬರುತ್ತದಾ? ಬರುತ್ತದೆ ಅನ್ನಿಸುತ್ತಿದೆ. ಬಟ್ಟೆಯನ್ನು ಎಷ್ಟು ಬಿಗಿ ಹಿಡಿಯಬೇಕು ಅಂತ ಗೊತ್ತಿಲ್ಲದವರು ಆ ಎಡಗೈಯನ್ನು ಹಾಗೆ ಬರೆಯಲಾರರು.

ಇನ್ನು ಆ ಒಂದು ಪುಟ. ಬಹಳ ಜನ ಬರೆಯುವುದು ಹೀಗಿರುತ್ತದೆ: 'ಬಾಲ್ಯದಿಂದಲೂ ನನಗೆ ಚಿತ್ರಕಲೆಯಲ್ಲಿ ಅಪಾರ ಆಸಕ್ತಿ. ನನ್ನ ಕೃತಿಗಳು ಬದುಕಿನ ಸಂಕೀರ್ಣತೆಯನ್ನು, ಅಸ್ತಿತ್ವದ ತಲ್ಲಣಗಳನ್ನು ಶೋಧಿಸುತ್ತವೆ. ಕಾಲಕ್ರಮೇಣ ನನ್ನ ಕಲೆ ಪಕ್ವಗೊಂಡಿದೆ.' ಇದನ್ನು ಆರು ಜನರಲ್ಲಿ ಯಾರ ಚಿತ್ರದ ಪಕ್ಕ ಹಚ್ಚಿದರೂ ನಡೆಯುತ್ತದೆ. ಪಕ್ವವಾಗಿದೆ ಅಂತ ನೀವು ಹೇಳಬೇಡಿ, ನೋಡಿದವರು ಬೇಕಾದರೆ ಹೇಳಲಿ. ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಶುರು ಮಾಡುತ್ತಿದ್ದೆ:

'2018ರಲ್ಲಿ ನಾನು ಬಸ್ ಸ್ಟ್ಯಾಂಡಿನಲ್ಲಿ ಕೂತು ಮುಖ ಬರೆಯುತ್ತಿದ್ದೆ. ಕೈ ಬರೆಯಲು ಹೆದರಿಕೆ ಇತ್ತು, ಅದಕ್ಕೇ ಆ ಚಿತ್ರಗಳಲ್ಲಿ ಕೈ ಕಾಣುವುದಿಲ್ಲ. 2020ರಲ್ಲಿ ಮನೆಯಲ್ಲೇ ಉಳಿದಾಗ ಎದುರಿಗೆ ಇದ್ದದ್ದು ಅಮ್ಮ ಮತ್ತು ಅವರ ಮೆಷಿನ್. ಈಗ ನಾನು ಬರೆಯುವುದು ಹೆಚ್ಚಾಗಿ ಕೈಗಳನ್ನೇ.'

ಲಾಕ್‌ಡೌನ್ ಸಂಗತಿ ನಾನು ಊಹಿಸಿದ್ದು. ನಿಜವಾದದ್ದು ಏನೋ ಅದನ್ನು ಹಾಕಿ. ಇಷ್ಟಾದ ಮೇಲೆ, ನೀವು ಬೇಕೆಂದೇ ಬಿಟ್ಟದ್ದು ಯಾವುದು, ಇನ್ನೂ ಸರಿಯಾಗಿ ಬಾರದ್ದು ಯಾವುದು ಅಂತ ಒಂದೆರಡು ಸಾಲು ಬರೆದರೆ ಸಾಕು. ಚಕ್ರ ಸರಿಯಾಗಿ ಕೂತಿಲ್ಲ ಅಂತ ಗೋಡೆಯ ಮೇಲೆ ಬರೆದುಕೊಳ್ಳಬೇಕಿಲ್ಲ, ಅದನ್ನು ಮನೆಯಲ್ಲಿ ಅಭ್ಯಾಸ ಮಾಡಿ. ಆದರೆ 'ಕೈ ಮತ್ತು ಮೆಷಿನ್ ಎರಡನ್ನೂ ಒಂದೇ ಗೆರೆಯಲ್ಲಿ ಹಿಡಿಯೋಕೆ ಇನ್ನೂ ಆಗುತ್ತಿಲ್ಲ' ಅಂತ ಬರೆಯಬಹುದು. ಅದು ನಿಜವಾದ ಪ್ರಶ್ನೆ. ಮುಂದಿನ ಎರಡು ವರ್ಷಕ್ಕೆ ಅಷ್ಟು ಸಾಕು. ಪುಟ ಕನ್ನಡದಲ್ಲೇ ಇರಲಿ. ಇಂಗ್ಲಿಷ್ ಬೇಕು ಅಂದರೆ ಅದನ್ನು ಗೆಳೆಯರಲ್ಲಿ ಯಾರಾದರೂ ಮಾಡಿಕೊಡಲಿ, ಯಂತ್ರಕ್ಕೆ ಕೊಟ್ಟರೆ ಮತ್ತೆ ಆ 'ಅಸ್ತಿತ್ವದ ತಲ್ಲಣ' ಎಲ್ಲಿಂದಲೋ ಬಂದು ಸೇರಿಕೊಳ್ಳುತ್ತದೆ.

ಬರೆಯುವ ಮೊದಲು ಆರೂ ಜನ ಒಂದು ದಿನ ಒಂದು ಕಡೆ ಸೇರಿ. ಕಾಲೇಜು ಬಿಟ್ಟ ಮೇಲೆ ಎಲ್ಲರೂ ಕಳೆದುಕೊಳ್ಳುವುದು ಮುಖಕ್ಕೆ ಹೊಡೆದ ಹಾಗೆ ಹೇಳುವ ಕ್ಲಾಸ್‌ಮೇಟ್‌ಗಳನ್ನು. ಒಬ್ಬರ ಕೆಲಸವನ್ನು ವರ್ಷದ ಕ್ರಮದಲ್ಲಿ ನೆಲದ ಮೇಲೆ ಹರಡಿ. ಮಾಡಿದವರು ಬಾಯಿ ಮುಚ್ಚಿಕೊಂಡು ಕೂರಬೇಕು, ಉಳಿದ ಐವರು ಕಂಡದ್ದನ್ನು ಹೇಳಬೇಕು. 'ಚೆನ್ನಾಗಿದೆ', 'ಚೆನ್ನಾಗಿಲ್ಲ' ಎರಡೂ ಬೇಡ. 'ಇಲ್ಲಿಂದ ಕೆಂಪು ಹೋಯಿತು', 'ಇಲ್ಲಿಂದ ಜನ ದೊಡ್ಡದಾದರು' ಅನ್ನುವ ಥರ, ಕಣ್ಣಿಗೆ ಕಂಡದ್ದು ಮಾತ್ರ. ಒಬ್ಬರು ಅದನ್ನೆಲ್ಲ ಬರೆದುಕೊಳ್ಳಲಿ. ನಿಮ್ಮ ಪುಟದ ಅರ್ಧ ಅಲ್ಲೇ ಸಿಕ್ಕಿಬಿಡುತ್ತದೆ.

ಶೋಗೆ ಯಾವುದು ಇಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೂರು ಹಳೆಯದರಲ್ಲಿ ಮುಖದ್ದು ಬೇಡ. ಅಜ್ಜ ಮತ್ತು ಹೂವಿನವಳು ಇರಲಿ. ಹೊಸದರಲ್ಲಿ ಚಕ್ರ ವಾಲಿದ್ದರೂ ಕೈಗಳ ಚಿತ್ರ ಇರಲೇಬೇಕು. ಅದರ ಜೊತೆ ಸ್ಕೆಚ್‌ಬುಕ್ಕನ್ನು ಒಂದು ಮೇಜಿನ ಮೇಲೆ ತೆರೆದಿಡಿ, ಕೆಟ್ಟ ಪುಟಗಳೂ ಕಾಣಲಿ. ಹಳೆಯದನ್ನು ಬಾಗಿಲ ಹತ್ತಿರ, ಹೊಸದನ್ನು ಎದುರಿನ ಗೋಡೆಗೆ ಹಾಕುವುದು ಮಾಮೂಲಿ ಪದ್ಧತಿ. ನೀವು ಹಾಗೆ ಮಾಡದೆ ಅಜ್ಜನನ್ನೂ ಅಮ್ಮನನ್ನೂ ಒಂದೇ ಎತ್ತರದಲ್ಲಿ ಪಕ್ಕಪಕ್ಕ ಹಾಕಿ. ಬಿಸಿಲು ನೇರ ಬೀಳುವ ಗೋಡೆ ಮಾತ್ರ ಬೇಡ, ಇಂಕಿನ ವಿಷಯ ಹೇಳಿದೆನಲ್ಲ. ಹಳೆಯವಕ್ಕೆ 'ಮಾರಾಟಕ್ಕಿಲ್ಲ' ಅಂತ ಚೀಟಿ ಹಚ್ಚಿ. ಹೊಸದಕ್ಕೆ ಬೆಲೆ ಹಾಕುವಾಗ ಫ್ರೇಮಿನ ಖರ್ಚು ಸೇರಿಸುವುದನ್ನು ಮರೆಯಬೇಡಿ, ಮತ್ತು ಅಮ್ಮನನ್ನು ಒಮ್ಮೆ ಕೇಳಿ. ತನ್ನ ಕೈಗಳು ಯಾರದೋ ಮನೆಯ ಗೋಡೆಗೆ ಹೋಗುವುದು ಅವರಿಗೆ ಒಪ್ಪಿಗೆಯಾ ಅಂತ.